ಕ್ಷೌರದಂಗಡಿಯ ಕಡಲು

ಶಿರೊತೊಮಾರಿ ಬಂದರಿನ ಗಂಡಸರ ತಲೆಯಿಂದ ಯಾವ ಪರಿಮಳವೂ ಬರುವುದಿಲ್ಲ. ರಿಷಿರಿ ದ್ವೀಪದ ಬೇರೆ ಊರುಗಳಲ್ಲಿ ಕ್ಷೌರ ಮಾಡಿಸಿಕೊಂಡು ಹೊರಬಿದ್ದವನ ಹಿಂದೆ ಬೀದಿಯ ತಿರುವಿನವರೆಗೂ ಎಣ್ಣೆ, ಪೌಡರುಗಳ ಘಮ ಹೋಗುತ್ತದೆ. ಇಲ್ಲಿ ಆ ಭಾಗ್ಯ ಇಲ್ಲ. ಹಿಸಾಯೊಳ ಅಂಗಡಿಯಲ್ಲಿ ಸ್ಪ್ರೇ ಡಬ್ಬಿ ಎತ್ತುವ ಹಾಗಿಲ್ಲ, ಪೌಡರು ಹಾರಿಸುವ ಹಾಗಿಲ್ಲ, ಸಿಗರೇಟಂತೂ ಬಾಗಿಲಾಚೆಯೇ. ಎರಡು ಕನ್ನಡಿಗಳ ನಡುವೆ, ಅವಳ ಗಂಡ ಕಿಯೊಹಾರು ಬದುಕಿದ್ದಾಗ ಅವನ ಕುರ್ಚಿ ಇದ್ದ ಜಾಗದಲ್ಲಿ, ಈಗ ಗಾಜಿನ ದೊಡ್ಡ ತೊಟ್ಟಿ ನಿಂತಿದೆ. ಅದರೊಳಗಿರುವುದು ಈ ಊರಿನದೇ ಕಡಲು, ಈ ಊರಿನದೇ ಚಳಿ. ಅಂಗಡಿಯ ಗಾಳಿಯಲ್ಲಿ ಹಾರಿದ್ದೆಲ್ಲ ಕೊನೆಗೆ ಆ ನೀರಿಗೇ ಇಳಿಯುತ್ತದೆ, ಒಳಗಿರುವವರಿಗೆ ಅದು ಒಗ್ಗುವುದಿಲ್ಲ.

"ನನ್ನ ಮದುವೆ ದಿನವೂ ಈಯಮ್ಮ ಒಂದು ಚೂರು ಸೆಂಟು ಹಾಕಲಿಲ್ಲ," ಎಂದು ಹಡಗಿನ ಎಂಜಿನ್ ನೋಡಿಕೊಳ್ಳುವ ಒನೊದೆರಾ ಈಗಲೂ ದೂರುತ್ತಾನೆ. "ಹೆಂಡತಿ ಮೂಗು ಮುಚ್ಚಿಕೊಂಡೇ ಮನೆ ತುಂಬಿದ್ಲು."

"ನಿನ್ನ ಡೀಸೆಲ್ ವಾಸನೆ ಮುಚ್ಚೋ ಸೆಂಟು ಇನ್ನೂ ಯಾರೂ ಕಂಡುಹಿಡಿದಿಲ್ಲ ಕಣಪ್ಪ. ತಲೆ ಬಗ್ಗಿಸು," ಎನ್ನುತ್ತಾಳೆ ಹಿಸಾಯೊ.

ಹೀಗೆ ದೂರುವ ಒನೊದೆರಾನೇ ತೊಟ್ಟಿಗೆ ತಂಪು ಯಂತ್ರ ಜೋಡಿಸಿ ಕೊಟ್ಟವನು, ಮುಚ್ಚಿಹೋದ ಮೀನಂಗಡಿಯೊಂದರ ಹಳೇ ಫ್ರಿಜ್ ಬಿಚ್ಚಿ. ಬಿಸಿಲು ನಾಡಿನ ಬಣ್ಣದ ಮೀನು ಸಾಕುವವರು ನೀರು ಕಾಯಿಸುತ್ತಾರೆ. ಇಲ್ಲಿ ನೀರನ್ನು ತಣ್ಣಗಿಡುವುದೇ ದೊಡ್ಡ ಪಾಡು. ಬೇಸಿಗೆಯಲ್ಲಿ ಗಾಜಿನ ಹೊರಮೈ ಬೆವರುತ್ತದೆ. ಗಿರಾಕಿಯ ಗಡ್ಡಕ್ಕೆ ನೊರೆ ಹಚ್ಚಿ, ಕೂದಲು ಮೆತ್ತಗಾಗುವಷ್ಟರಲ್ಲಿ ಹಿಸಾಯೊ ಹೋಗಿ ಗಾಜು ಒರೆಸಿ ಬರುತ್ತಾಳೆ. ವಾರವಾರವೂ ಉಬ್ಬರ ತುಂಬಿದ ಹೊತ್ತಿಗೆ ಬಂದರಿನ ಮೆಟ್ಟಿಲಿಗೆ ಹೋಗಿ ಕ್ಯಾನುಗಳಲ್ಲಿ ನೀರು ತುಂಬಿ, ಕೈಗಾಡಿಯಲ್ಲಿ ಎಳೆದು ತರುತ್ತಾಳೆ. ನೀರು ತರಲು ಯಾರ ಅಪ್ಪಣೆಯೂ ಬೇಡ. ಈ ಕಡಲಿನಲ್ಲಿ ಅವಳಿಗೆ ಹಕ್ಕಿದ್ದದ್ದು ಅದೊಂದಕ್ಕೇ.

ಯಾಕೆಂದರೆ ಶಿರೊತೊಮಾರಿಯ ಕಡಲು ಬಂದರಿನ ಸಂಘದ ಮನೆಗಳಿಗೆ ಸೇರಿದ್ದು. ಕಡಲಸೊಪ್ಪಿನ ಒಂದು ಎಲೆ, ಮುಳ್ಳಿನ ಚೆಂಡಿನಂಥ ಒಂದು ಉನಿ, ಬಂಡೆಗೆ ಕಚ್ಚಿಕೊಂಡ ಒಂದು ಚಿಪ್ಪು, ಇವುಗಳನ್ನು ಸಂಘದವರಲ್ಲದೆ ಬೇರೆಯವರು ಮುಟ್ಟುವಂತಿಲ್ಲ. ಸಂಘದವರೂ ಬಾವುಟ ಏರಿದ ದಿನ ಮಾತ್ರ ಮುಟ್ಟಬೇಕು. ಇದನ್ನು ಅನ್ಯಾಯವೆಂದು ಹಿಸಾಯೊ ಎಂದೂ ಅಂದುಕೊಂಡವಳಲ್ಲ. ಅವಳ ಕತ್ತರಿಯನ್ನು ಅವಳು ಯಾರ ಕೈಗಾದರೂ ಕೊಡುತ್ತಾಳೆಯೇ? ಆದರೆ ಕ್ಷೌರಿಕನ ಮನೆ ಬಂದರಿನ ಮನೆಗಳ ಲೆಕ್ಕಕ್ಕೆ ಬರುವುದಿಲ್ಲ. ಅದರ ಮೇಲೆ ಅವಳು ಹುಟ್ಟಿದ್ದು ಒಳನಾಡಿನ ಅಸಾಹಿಕಾವದಲ್ಲಿ, ಕಡಲೇ ಕಾಣದ ಊರಿನಲ್ಲಿ. ಮದುವೆಯಾಗಿ ಬಂದು ಕೂದಲು ನರೆತರೂ ಹಿಂದಿನಿಂದ ಅವಳನ್ನು ಕರೆಯುವುದು 'ಅಸಾಹಿಕಾವದವಳು' ಎಂದೇ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎನ್ನುತ್ತಾರೆ. ಹಿಸಾಯೊ ನೀರಿಗೆ ಬಂದಳು, ಕ್ಯಾನು ಹಿಡಿದುಕೊಂಡು ಮೆಟ್ಟಿಲವರೆಗೆ.

ಹಾಗಾಗಿ ತೊಟ್ಟಿಯೊಳಗೆ ಇದ್ದದ್ದೆಲ್ಲ ಇನ್ನೊಬ್ಬರು ಕೊಟ್ಟದ್ದು. ಕಿಯೊಹಾರು ಹೋದ ಚಳಿಗಾಲದಲ್ಲಿ ಅಂಗಡಿ ಮುಚ್ಚಿತ್ತು. ಮತ್ತೆ ಬಾಗಿಲು ತೆಗೆದ ದಿನ ಮೊದಲು ಬಂದವಳು ಫುಸಾ ಅಜ್ಜಿ. ಎಂಬತ್ತರ ಅಂಚಿನಲ್ಲೂ ಒಬ್ಬಳೇ ದೋಣಿ ತಳ್ಳಿಕೊಂಡು ಕಡಲಿಗಿಳಿಯುವ ಮುದುಕಿ. ಕೈಯಲ್ಲಿದ್ದ ಬಕೆಟ್ಟನ್ನು ಕುರ್ಚಿಯ ಮೇಲಿಟ್ಟಳು. ಒಳಗೆ ಕಿತ್ತಳೆ ಬಣ್ಣದ, ಬೆರಳ ತುದಿಯಷ್ಟು ದಪ್ಪದ ಬಲೂನು ಮೀನೊಂದು ಹೊಟ್ಟೆಯಡಿಯ ಅಂಟುಬಟ್ಟಲಿನಿಂದ ಬಕೆಟ್ಟಿನ ಗೋಡೆಗೆ ಅಂಟಿಕೊಂಡು ಇವಳನ್ನೇ ನೋಡುತ್ತಿತ್ತು.

"ಗಂಡ ಹೋದ ಮನೇಲಿ ಕಣ್ಣು ಪಿಳಿಪಿಳಿ ಅನ್ನೋ ಜೀವ ಒಂದಿರಲಿ," ಎಂದಳು ಫುಸಾ.

"ಮೀನು ಕಣ್ಣು ಪಿಳುಕಿಸಲ್ಲ ಅಜ್ಜಿ."

"ಹಾಗಿದ್ರೆ ಇನ್ನೂ ಒಳ್ಳೇದು. ರೆಪ್ಪೆ ಬಡೀದೆ ನಿನ್ನನ್ನೇ ನೋಡ್ಕೊಂಡಿರುತ್ತೆ."

ಆ ದಿನ ಹಿಸಾಯೊ ಬಹಳ ಹೊತ್ತು ಅತ್ತಳು, ಆಮೇಲೆ ಉಪ್ಪಿನಕಾಯಿಯ ಗಾಜಿನ ಜಾಡಿ ತೊಳೆದು ಮೀನಿಗೆ ಮನೆ ಮಾಡಿದಳು. ಜಾಡಿ ಹೋಗಿ ತೊಟ್ಟಿ ಬಂತು. ಬಲೆಯಲ್ಲಿ ಸಿಕ್ಕ, ಮಾರಾಟಕ್ಕೆ ಬಾರದ ಚಿಲ್ಲರೆ ಜೀವಗಳೆಲ್ಲ ಮೀನುಗಾರರ ರಬ್ಬರ್ ಬೂಟಿನ ಜೊತೆ ಅಂಗಡಿಗೆ ಬರತೊಡಗಿದವು. ಕಲ್ಲಿಗಂಟಿದ ಕಡಲಹೂಗಳು, ತನಗಿಂತ ದೊಡ್ಡ ಚಿಪ್ಪು ಹೊತ್ತ ಸನ್ಯಾಸಿ ಏಡಿ, ಮುಖ ಗಂಟಿಕ್ಕಿಕೊಂಡೇ ಹುಟ್ಟಿದ ಕಾಜಿಕಾ ಮೀನು. ಬೆಳಿಗ್ಗೆ ಎದ್ದರೆ ಹಿಸಾಯೊ ತೊಟ್ಟಿಗೆ ತಲೆ ಬಾಗಿಸಿ, ಕೊಟ್ಟವರ ಹೆಸರು ಹಿಡಿದು ಒಬ್ಬೊಬ್ಬರನ್ನೇ ಮಾತಾಡಿಸುತ್ತಿದ್ದಳು. ಕಾಜಿಕಾ ಮೀನಿಗೆ ಒನೊದೆರಾನ ಹೆಸರು. ಒನೊದೆರಾನಿಗೆ ಇದು ಗೊತ್ತಾದಾಗ ಒಂದು ವಾರ ಮಾತು ಬಿಟ್ಟಿದ್ದ, ಮೀನಿನ ಹಾಗೆಯೇ ಮುಖ ಮಾಡಿಕೊಂಡು. ಕೊಟ್ಟದ್ದಕ್ಕೆ ಬದಲು ಕೊಡದೆ ಇರುವುದು ಅವಳ ಜಾಯಮಾನವಲ್ಲ. ಕೊಟ್ಟವರ ಕತ್ತಿನ ಹಿಂಭಾಗವನ್ನು ಬಿಟ್ಟಿ ನುಣುಪು ಮಾಡಿ ಕಳಿಸುತ್ತಿದ್ದಳು. ಆದರೆ ಆ ಋಣ ತೀರಿತೆಂದು ಅವಳಿಗೆ ಎಂದೂ ಅನ್ನಿಸಲಿಲ್ಲ, ತೀರದಿರುವುದೇ ಅವಳಿಗೆ ಇಷ್ಟವಾಗಿತ್ತು.

ಇನ್ನು ಆ ಉನಿಯ ವಿಷಯ.

ಎರಡು ಬೇಸಿಗೆಯ ಹಿಂದೆ ಬಿರುಗಾಳಿಯ ಮಾರನೆಯ ದಿನ ಫುಸಾ ದಡಕ್ಕೆ ಬಿದ್ದ ಕಡಲಸೊಪ್ಪನ್ನು ಬೇರು, ಕಲ್ಲು ಸಮೇತ ತಂದು ತೊಟ್ಟಿಗೆ ಕೊಟ್ಟಳು. ದಡಕ್ಕೆ ಬಿದ್ದ ಸೊಪ್ಪು ಎತ್ತುವುದು ಸಂಘದವರಿಗೆ ಯಾವಾಗಲೂ ಸಲ್ಲುತ್ತದೆ, ಅದರಲ್ಲಿ ತಪ್ಪಿಲ್ಲ. ಆದರೆ ಒಂದು ಕಟ್ಟಳೆ ಇದೆ: ಬೇರನ್ನು ನೀರಿನ ಮೇಲೆ ಹಿಡಿದು ಚೆನ್ನಾಗಿ ಜಾಡಿಸಿಯೇ ಮೇಲೆ ತರಬೇಕು. ಬೇರಿನ ಸಂದಿಯಲ್ಲಿ ಉನಿಯ ಮರಿಗಳು ಅಡಗಿರುತ್ತವೆ, ಅವು ಉದುರಿ ಕಡಲಿಗೇ ಸೇರಬೇಕು. ಜಾಡಿಸದ ಬೇರನ್ನು ಮನೆಗೆ ತರುವುದೆಂದರೆ ಶಿರೊತೊಮಾರಿಯಲ್ಲಿ ಹಸುಗೂಸನ್ನು ಕದ್ದಷ್ಟು ಕೆಟ್ಟದ್ದು. ಬೇರು ಜಾಡಿಸದ ಸೋಮಾರಿ ಹುಡುಗರಿಗೆ ಬೈದು ಬೈದು ಫುಸಾಳ ಗಂಟಲೇ ಕಟ್ಟಿಹೋಗಿದೆ.

ಕೆಲವು ದಿನಗಳಾದ ಮೇಲೆ ಹಿಸಾಯೊ ಗಾಜು ಒರೆಸುವಾಗ ಬೇರಿನಿಂದ ಸೋಯಾ ಕಾಳಿನಷ್ಟು ಗಾತ್ರದ ಹಳದಿ ಹಸಿರಿನ ಚೆಂಡೊಂದು ಹೊರಬಂದಿತು. ಏನೆಂದು ಅವಳಿಗೆ ಆ ಕ್ಷಣವೇ ಗೊತ್ತಾಯಿತು. ಅವತ್ತೇ ಒಯ್ದು ಕಡಲಿಗೆ ಬಿಟ್ಟಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಬಿಡಲಿಲ್ಲ. ನಾಳೆ ಬಿಟ್ಟರಾಯಿತು ಅಂದುಕೊಂಡಳು. ನಾಳೆ ಅದು ಗಾಜಿನ ಮೇಲಿನ ಪಾಚಿಯನ್ನು ಮೇಯುತ್ತಾ ಒಂದು ಸಣ್ಣ ಹಾದಿ ಮಾಡಿತ್ತು, ಅದನ್ನು ನೋಡುತ್ತಾ ನಿಂತುಬಿಟ್ಟಳು. ಉಳಿದವರೆಲ್ಲ ಯಾರೋ ಕೊಟ್ಟು ಬಂದವರು, ಇದೊಂದು ಮಾತ್ರ ತಾನಾಗಿ ತನ್ನ ಮನೆ ಹುಡುಕಿಕೊಂಡು ಬಂದಿದೆ ಅನ್ನಿಸಿತು. ಮಕ್ಕಳಿಲ್ಲದ ಹೆಂಗಸಿಗೆ ಹಾಗನ್ನಿಸಿದರೆ ನಾವು ನೀವು ಏನು ಹೇಳುವುದು. ಸೋಯಾ ಕಾಳು ಚೆರ್ರಿ ಹಣ್ಣಾಯಿತು, ಚೆರ್ರಿ ಹಣ್ಣು ಕಿತ್ತಳೆಯಾಗುವತ್ತ ಹೊರಟಿತು. ಗಿರಾಕಿ ಬಂದರೆ ಹಿಸಾಯೊ ಅದನ್ನು ದೊಡ್ಡ ಕಲ್ಲಿನ ಹಿಂದಕ್ಕೆ ಸರಿಸುತ್ತಿದ್ದಳು, ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ. ಫುಸಾಳಿಗೂ ಹೇಳಲಿಲ್ಲ. ಹೇಳಿದರೆ ಬೇರು ಜಾಡಿಸಿರಲಿಲ್ಲವೆಂದು ಅವಳಿಗೆ ಗೊತ್ತಾಗುತ್ತದಲ್ಲ.

ಈ ವರ್ಷ ವಸಂತದಲ್ಲಿ ಕಡಲಾಚೆಯ ದೊಡ್ಡ ದ್ವೀಪದ ಕಡೆಯಿಂದ ಕಳ್ಳರು ಬಂದರು. ಮುಳುಗು ಬಟ್ಟೆ ತೊಟ್ಟು, ಬಾವುಟಕ್ಕೆ ಕಾದು ಕುಳಿತಿದ್ದ ಉನಿಗಳನ್ನು ಚೀಲಗಟ್ಟಲೆ ಬಾಚಿಕೊಂಡು ಹೋದರು. ಇಬ್ಬರು ಸಿಕ್ಕಿಬಿದ್ದರು, ಅವರನ್ನು ಪೊಲೀಸರಿಗೆ ಒಪ್ಪಿಸಲಾಯಿತು. ಅಂದಿನಿಂದ ಅಂಗಡಿಯಲ್ಲಿ ಕೂತವರ ಬಾಯಲ್ಲೆಲ್ಲ ಅದೇ ಮಾತು. 'ಉನಿ ಕಳ್ಳ' ಎಂದು ಯಾರಾದರೂ ಅಂದರೆ ಹಿಸಾಯೊಳ ಕತ್ತರಿ ನಿಲ್ಲುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಹೇಗಿರುತ್ತದೆ ಎಂದು ಅವಳಿಗೆ ಚೆನ್ನಾಗಿ ತಿಳಿಯಿತು.

ಬಾವುಟ ಏರಿಸುವವನು ಯಸಾಬುರೊ. ಬೆಳಗಾಗುವ ಮುನ್ನ ಬಂದರಿನ ಕಟ್ಟೆಯ ಮೇಲೆ ನಿಂತು ಗಾಳಿ, ಅಲೆ ನೋಡಿ ಅವನು ಬಾವುಟ ಏರಿಸಿದರೆ ಎಲ್ಲರೂ ಕಡಲಿಗೆ. ಏರಿಸದಿದ್ದರೆ ಒಬ್ಬನೂ ಇಲ್ಲ, ಅವನ ಸ್ವಂತ ಮಗನೂ ಇಲ್ಲ. ವರ್ಷದ ಮೊದಲ ಬಾವುಟದ ಹಿಂದಿನ ದಿನ ಅವನು ಹಿಸಾಯೊಳ ಅಂಗಡಿಗೆ ಬಂದು ತಲೆ, ಗಡ್ಡ ಮಾಡಿಸಿಕೊಳ್ಳುವುದು ಕಿಯೊಹಾರುವಿನ ಕಾಲದಿಂದ ನಡೆದುಬಂದದ್ದು. "ಕಡಲಿನ ಮುಂದೆ ನಿಲ್ಲೋಕೆ ಮುಂಚೆ ಮುಖ ನೆಟ್ಟಗಿರಬೇಕು," ಎನ್ನುತ್ತಾನೆ. ಹಲ್ಲು ಕಾಣುವ ಹಾಗೆ ನಗುವವನಲ್ಲ.

ಆ ಬೆಳಿಗ್ಗೆ ಹಿಸಾಯೊ ಉನಿಯನ್ನು ಕಲ್ಲಿನ ಹಿಂದಿಟ್ಟು, ಮೇಲೆ ಸೊಪ್ಪಿನ ಅಗಲ ಎಲೆ ಹೊದಿಸಿದ್ದಳು. ಉನಿಗೆ ಅದು ಹೊದಿಕೆಯಲ್ಲ, ಊಟ. ಯಸಾಬುರೊನ ತಲೆಗೂದಲು ಮುಗಿದು, ಮುಖಕ್ಕೆ ಬಿಸಿ ಟವೆಲ್ ಹೊದಿಸಿ, ಅವಳು ಕತ್ತಿ ಮಸೆಯುವಷ್ಟರಲ್ಲಿ ಅದು ಎಲೆಯ ಅಂಚನ್ನು ತಿಂದು, ಕಲ್ಲು ಹತ್ತಿ ಇಳಿದು, ನೂರಾರು ಸಣ್ಣ ಕಾಲುಗಳಿಂದ ಮುಂಭಾಗದ ಗಾಜಿನ ನಟ್ಟನಡುವೆ ಬಂದು ಕೂತಿತ್ತು. ಬಾಯಿಯ ಬಿಳಿ ಹಲ್ಲುಗಳು ಗಾಜನ್ನು ಕೆರೆಯುತ್ತಿದ್ದವು. ಟವೆಲ್ ತೆಗೆದಳು. ಯಸಾಬುರೊ ಕಣ್ಣು ಬಿಟ್ಟ. ಎದುರಿಗೆ ಕನ್ನಡಿ, ಕನ್ನಡಿಯ ಪಕ್ಕದಲ್ಲಿ ಉನಿ.

ಅವಳು ನೊರೆ ಹಚ್ಚಿ ಎಡಗೆನ್ನೆಗೆ ಕತ್ತಿ ಇಟ್ಟಳು. ಎಡಗೆನ್ನೆ ಮುಗಿದು ಗಂಟಲಿಗೆ ಬಂದಾಗ ಅವನು ಮಾತಾಡಿದ.

"ಹಿಸಾಯೊ-ಸಾನ್. ತೊಟ್ಟಿಗೆ ಹೊಸಬರು ಬಂದ ಹಾಗಿದೆ."

ಕತ್ತಿ ದಾರಿ ತಪ್ಪಲಿಲ್ಲ, ಅದು ಕಸುಬಿನ ಕೈ.

"ಹೂಂ."

"ಯಾರು ಕೊಟ್ಟದ್ದು?"

ಈ ತೊಟ್ಟಿಗೆ ಸೊಪ್ಪು ಕೊಡುವವಳು ಫುಸಾ ಒಬ್ಬಳೇ ಎಂದು ಇಡೀ ಬಂದರಿಗೆ ಗೊತ್ತು. 'ಬೇರಿನಲ್ಲಿ ಬಂತು' ಎಂದು ಹಿಸಾಯೊ ಬಾಯಿ ಬಿಟ್ಟರೆ ಸಾಕು, ಜಾಡಿಸದ ಬೇರು ಯಾರದೆಂದು ಕೇಳುವ ಅಗತ್ಯವೇ ಇಲ್ಲ. ಕಟ್ಟಳೆ ಮುರಿದ ಸಂಘದವರನ್ನು ಮೊದಲ ಬಾವುಟಕ್ಕೆ ಇಳಿಸುವುದಿಲ್ಲ. ಹುಡುಗಿಯಾಗಿದ್ದಾಗಿನಿಂದ ಫುಸಾ ಒಂದು ಮೊದಲ ಬಾವುಟವನ್ನೂ ತಪ್ಪಿಸಿದವಳಲ್ಲ, ಗಂಡ ಸತ್ತ ವರ್ಷವೂ.

"ಯಾರೂ ಕೊಟ್ಟಿಲ್ಲ. ನಾನೇ ತಂದದ್ದು. ಮೆಟ್ಟಿಲ ಹತ್ರ ಸಿಕ್ತು."

"ನೀರು ತರೋಕೆ ಹೋದಾಗ."

"ಹೌದು. ಆಗ ಚಿಕ್ಕದಿತ್ತು. ಸೋಯಾ ಕಾಳಿನಷ್ಟು."

"ಸೋಯಾ ಕಾಳಿನಷ್ಟಿದ್ದ ಮರಿ ಮೆಟ್ಟಿಲ ಮೇಲೆ ಕೂತು ಹಿಸಾಯೊ-ಸಾನ್ ಯಾವಾಗ ಬರ್ತಾರೆ ಅಂತ ಕಾಯ್ತಿತ್ತಾ?"

ಅವಳು ಕತ್ತಿಯ ನೊರೆ ಒರೆಸಿದಳು. ಯಸಾಬುರೊ ಕನ್ನಡಿಯಲ್ಲಿ ಅವಳ ಕಣ್ಣನ್ನೇ ನೋಡಿದ.

"ನೋಡಮ್ಮ. ಹೊರಗಿನವರು ಉನಿ ಮುಟ್ಟಿದ್ರೆ ಪೊಲೀಸು. ಮೊನ್ನೆಯ ಇಬ್ಬರನ್ನ ನಾನೇ ಒಪ್ಪಿಸಿ ಬಂದೆ. ಅವರಿಗೊಂದು ನ್ಯಾಯ, ನನ್ನ ಗಡ್ಡ ಮಾಡೋಳಿಗೊಂದು ನ್ಯಾಯ ಅಂತ ಮಾಡೋಕಾಗಲ್ಲ. ಇನ್ನೊಂದು ಸಲ ಕೇಳ್ತೀನಿ. ಯಾರು ತಂದದ್ದು?"

"ನಾನೇ."

ಅವನು ಕಣ್ಣು ಮುಚ್ಚಿಕೊಂಡ. "ಬಲಗೆನ್ನೆ ಉಳಿದಿದೆ," ಎಂದ.

ಅವಳು ಬಲಗೆನ್ನೆಯನ್ನೂ ಎಂದಿನಂತೆ ನುಣುಪಾಗಿ ಮುಗಿಸಿದಳು. ಅವನೂ ಎಂದಿನಂತೆ ತಲೆ ಬಾಗಿಸಿ, "ಸಂಜೆ ಸಭೆ ಇದೆ, ಅಲ್ಲಿ ಹೇಳಬೇಕಾಗುತ್ತೆ," ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಹೇಳಿ ಹೊರಟುಹೋದ.

ಹಿಸಾಯೊ ಬಾಗಿಲಿಗೆ 'ಇವತ್ತು ರಜೆ' ಎಂಬ ಹಲಗೆ ತಗುಲಿಸಿ ಕುರ್ಚಿಯಲ್ಲಿ ಕುಸಿದಳು. ಪೊಲೀಸು, ದಂಡ, ಕೋರ್ಟು, ಇದ್ಯಾವುದಕ್ಕೂ ಅವಳು ಅಷ್ಟು ಹೆದರಲಿಲ್ಲ. ನಾಳೆಯಿಂದ 'ಅಸಾಹಿಕಾವದವಳು' ಎಂಬಲ್ಲಿ 'ಅಸಾಹಿಕಾವದ ಕಳ್ಳಿ' ಎನ್ನುತ್ತಾರೆ, ಹೊರಗಿನವರು ಕೊನೆಗೂ ಹೊರಗಿನವರೇ ಎನ್ನುತ್ತಾರೆ. ಇಷ್ಟು ವರ್ಷ ಈ ಊರಿನವರ ತಲೆಗಳನ್ನು ಕೈಯಲ್ಲಿ ಹಿಡಿದು ಬದುಕಿದ್ದೂ ಸುಳ್ಳಾಗುತ್ತದೆ. ಆಮೇಲೆ ಇಲ್ಲಿ ಹೇಗೆ ಇರುವುದು? ಅಸಾಹಿಕಾವದಲ್ಲಿ ತಂಗಿ ಇದ್ದಾಳೆ, ಒಂದು ಕೋಣೆ ಕೊಟ್ಟಾಳು. ಕಡಲು ಮಾತ್ರ ಅಲ್ಲಿ ಇಲ್ಲ.

ಹೋಗುವುದಾದರೆ ಯಾರೋ ಬಂದು ತೊಟ್ಟಿ ಬರಿದು ಮಾಡುವ ಮೊದಲು ತಾನೇ ಇವರನ್ನೆಲ್ಲ ಮನೆ ಸೇರಿಸಬೇಕು ಅಂದುಕೊಂಡಳು. ಬಕೆಟ್ಟುಗಳನ್ನು ಸಾಲಾಗಿಟ್ಟಳು. ಒಬ್ಬೊಬ್ಬರಿಗೂ ತಲೆ ಬಾಗಿಸಿ, "ತುಂಬಾ ಉಪಕಾರವಾಯಿತು," ಎಂದು ಹೇಳಿ ಎತ್ತತೊಡಗಿದಳು. ಸನ್ಯಾಸಿ ಏಡಿ ಸುಲಭವಾಗಿ ಬಂತು. ಒನೊದೆರಾ ಮೀನು ಮುಖ ಗಂಟಿಕ್ಕಿಕೊಂಡೇ ಬಂತು. ಬಲೂನು ಮೀನು ಬರಲಿಲ್ಲ. ಗಾಜಿಗೆ ಹೊಟ್ಟೆ ಕಚ್ಚಿಕೊಂಡು, ಉಗುರಿನಿಂದ ಮೆತ್ತಗೆ ಎಬ್ಬಿಸಿದರೂ ಏಳದೆ, ಅವಳನ್ನೇ ರೆಪ್ಪೆ ಬಡಿಯದೆ ನೋಡುತ್ತಾ ಕೂತುಬಿಟ್ಟಿತು. ಹಿಸಾಯೊ ಮೊಣಕೈವರೆಗೆ ತಣ್ಣೀರಿನಲ್ಲಿ ಕೈಯಿಟ್ಟುಕೊಂಡು ಅಳುತ್ತಾ ನಿಂತಳು.

ಫುಸಾ ಅಜ್ಜಿ ಹಿಂಬಾಗಿಲಿನಿಂದ ಬಂದದ್ದು ಆಗಲೇ, ಕೈಯಲ್ಲಿ ಹೊಕ್ಕೆ ಮೀನಿನುಂಡೆಯ ಸಾರಿನ ಪಾತ್ರೆ ಹಿಡಿದುಕೊಂಡು.

"ಏನೇ ಇದು? ಮನೆ ಖಾಲಿ ಮಾಡ್ತಿದ್ದೀಯಾ, ಮೀನಿಗೆ ಸ್ನಾನ ಮಾಡಿಸ್ತಿದ್ದೀಯಾ?"

ಹಿಸಾಯೊ ಏನೂ ಇಲ್ಲವೆಂದಳು. ಏನೂ ಇಲ್ಲದವಳು ಬಕೆಟ್ಟಿನ ನಡುವೆ ನಿಂತು ಅಳುವುದಿಲ್ಲ. ಫುಸಾ ಪಾತ್ರೆ ಕೆಳಗಿಟ್ಟಳು, ತೊಟ್ಟಿಯ ಹತ್ತಿರ ಹೋಗಿ ಮೂಗು ತಾಗಿಸಿದಳು, ಉನಿಯನ್ನು ಕಂಡಳು. ಆಮೇಲೆ ಗಂಟು ಗಂಟಾದ ತನ್ನ ಬೆರಳುಗಳನ್ನು ನೋಡಿಕೊಂಡಳು.

"ನನ್ನ ಬೇರು," ಎಂದಳು.

"ಅಲ್ಲ ಅಜ್ಜಿ, ಅದು ಮೆಟ್ಟಿಲ ಹತ್ರ..."

"ಬಾಯಿ ಮುಚ್ಚು. ಅವತ್ತು ಬೆರಳು ಮಡಚೋಕೇ ಆಗ್ತಿರಲಿಲ್ಲ. ಜಾಡಿಸಲಿಲ್ಲ. ಯಾರು ನೋಡ್ತಾರೆ ಅಂದ್ಕೊಂಡೆ. ನೋಡು, ಎರಡು ವರ್ಷ ಆದ್ಮೇಲೆ ಗಾಜಿನ ಮೇಲೆ ಹತ್ತಿ ಕೂತು ಇಡೀ ಊರಿಗೆ ತೋರಿಸ್ತಿದೆ." ಮುದುಕಿ ತಿರುಗಿದಳು. "ಯಸಾಬುರೊ ನೋಡಿದ್ನಾ? ನೀನು ಅವನಿಗೆ ಏನಂದೆ?"

ಹಿಸಾಯೊ ಹೇಳಿದಳು. ಕೇಳುತ್ತ ಕೇಳುತ್ತ ಫುಸಾಳ ಮುಖ ಕೆಂಪೇರಿತು.

"ಅಯ್ಯೋ ಹುಚ್ಚು ಮುಂಡೇದೇ! ಉನಿ ಕದಿಯೋ ಧೈರ್ಯ ನಿನಗೆಲ್ಲಿಂದ ಬಂತು ಅಂದ್ಕೊಂಡೆ. ನೀನು ಕದ್ದಿದ್ದು ನನ್ನ ತಪ್ಪನ್ನ! ಅದು ನನ್ನದು ಕಣೇ, ನಾನು ಕೊಟ್ಟಿಲ್ಲ ನಿನಗೆ."

"ನಿಮ್ಮನ್ನ ಮೊದಲ ಬಾವುಟಕ್ಕೆ ಬಿಡಲ್ಲ."

"ಬಿಡದಿದ್ರೆ ದಡದಲ್ಲಿ ಕೂರ್ತೀನಿ. ನನಗೋಸ್ಕರ ನೀನು ಪೊಲೀಸ್ ಜೀಪು ಹತ್ತಿದ್ರೆ ಮುಂದಿನ ತಿಂಗಳು ನಾನು ಎಲ್ಲಿ ಹೋಗ್ಲಿ? ಕೂದಲು ಕತ್ತರಿಸ್ಕೊಳ್ಳೋಕೆ ಜೈಲಿಗೆ ಬರ್ಲಾ?"

ಹಿಸಾಯೊ ಅಳುತ್ತಿದ್ದವಳು ನಕ್ಕಳು, ನಗುತ್ತಿದ್ದವಳು ಮತ್ತೆ ಅತ್ತಳು. ಫುಸಾ ಕಾಲಿಗೆ ಬೂಟು ತೂರಿಸಿಕೊಂಡು, "ಸಾರು ಆರೋಗುತ್ತೆ, ಕುಡಿ. ಆ ಮೂರ್ತಿಗಳನ್ನೆಲ್ಲ ವಾಪಸ್ ಒಳಗೆ ಬಿಡು," ಎಂದು ಹೇಳಿ ನೇರ ಸಂಘದ ಮನೆಗೆ ನಡೆದಳು. ಸಂಘದ ಸಭೆಗೆ ಹಿಸಾಯೊ ಹೋಗುವಂತಿಲ್ಲ. ಅವಳು ಅಂಗಡಿಯಲ್ಲೇ ಕಾದಳು. ಸಾರನ್ನು ಕುಡಿದಳು, ಅದು ಬಹಳ ರುಚಿಯಾಗಿತ್ತು. ಇಂಥ ಹೊತ್ತಿನಲ್ಲೂ ರುಚಿ ತಿಳಿಯುತ್ತದಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ಸಂಜೆ ಫುಸಾ ಬಾಗಿಲಲ್ಲಿ ತಲೆ ಹಾಕಿ ಇಷ್ಟೇ ಹೇಳಿದಳು. "ಬೆಳಗಾಗೋ ಹೊತ್ತಿಗೆ ಉನಿ ತಗೊಂಡು ಬಾವುಟದ ಕಂಬದ ಹತ್ರ ಬಾ. ಯಸಾಬುರೊ ಹೇಳಿ ಕಳಿಸಿದಾನೆ."

"ಪೊಲೀಸರೂ ಬರ್ತಾರಾ?"

"ಬಾ ಅಂದ್ರೆ ಬಾ. ನನ್ನ ಕೇಳಬೇಡ. ನಾನೀಗ ಅಪರಾಧಿ."

ಬೆಳಗಿನ ಬೆಳಕು ಬೂದಿ ಬಣ್ಣಕ್ಕೆ ತಿರುಗುವಾಗ ಹಿಸಾಯೊ ಬಕೆಟ್ಟು ಹಿಡಿದು ಬಂದರಿಗೆ ಬಂದಳು. ಗಾಳಿ ಇರಲಿಲ್ಲ, ಕಡಲು ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ಮಟ್ಟಸವಾಗಿತ್ತು. ದೋಣಿಗಳೆಲ್ಲ ಸಾಲಾಗಿ ನಿಂತಿದ್ದವು. ಒಬ್ಬೊಬ್ಬರೇ ನಿಂತ ಸಣ್ಣ ದೋಣಿಗಳು, ಎಲ್ಲರ ಕೈಯಲ್ಲೂ ತಳ ನೋಡುವ ಗಾಜಿನ ಪೆಟ್ಟಿಗೆ, ಉದ್ದ ಕೋಲು. ಎಲ್ಲರೂ ಕಂಬದ ಕಡೆಗೇ ನೋಡುತ್ತಿದ್ದರು, ಎಂದರೆ ಅವಳ ಕಡೆಗೆ. ಅಷ್ಟೂ ತಲೆಗಳನ್ನು ಅವಳೇ ಕತ್ತರಿಸಿದ್ದಳು. ಒಂದೊಂದರ ಸುಳಿ ಎಲ್ಲಿದೆಯೆಂದು ಗೊತ್ತಿತ್ತು. ಇವತ್ತು ಒಂದು ಮುಖವನ್ನೂ ನೆಟ್ಟಗೆ ನೋಡಲಾಗಲಿಲ್ಲ.

ಫುಸಾ ಬೂಟಿಲ್ಲದೆ, ಮನೆಯ ಚಪ್ಪಲಿ ಹಾಕಿಕೊಂಡು ಕಂಬದ ಬುಡದಲ್ಲಿ ನಿಂತಿದ್ದಳು. ಯಸಾಬುರೊ ಮೆಟ್ಟಿಲು ತೋರಿಸಿದ.

"ಮೊದಲು ಅದನ್ನ ಮನೆಗೆ ಕಳಿಸಿ. ಇಬ್ಬರೂ ಹೋಗಿ."

ಹಿಸಾಯೊ ಕೆಳಗಿನ ಮೆಟ್ಟಿಲಲ್ಲಿ ಕೂತು ಬಕೆಟ್ಟಿಗೆ ಕೈ ಹಾಕಿದಳು. ಉನಿಯ ಸಣ್ಣ ಕಾಲುಗಳು ಅವಳ ಅಂಗೈಗೆ ಅಂಟಿಕೊಂಡವು. ನೀರಿನಲ್ಲಿ ಮುಳುಗಿಸಿದರೂ ಬಿಡಲಿಲ್ಲ. ಫುಸಾ ಪಕ್ಕದಲ್ಲಿ ಕೂತು, ತನ್ನ ಊದಿದ ಬೆರಳುಗಳಿಂದ ಹಿಸಾಯೊಳ ಮಣಿಕಟ್ಟು ಹಿಡಿದು ನೀರಿನಲ್ಲಿ ಮೆಲ್ಲಗೆ ಜಾಡಿಸಿದಳು. ಒಂದೊಂದೇ ಕಾಲು ಬಿಟ್ಟಿತು. ಹಳದಿ ಹಸಿರಿನ ಚೆಂಡು ಕಲ್ಲಿನ ಮೇಲೆ ಇಳಿದು, ಸ್ವಲ್ಪ ಹೊತ್ತು ಸುಮ್ಮನಿದ್ದು, ಸೊಪ್ಪಿನ ನೆರಳಿಗೆ ಹೊರಟುಹೋಯಿತು. ಎರಡು ವರ್ಷ ನನ್ನ ಜೊತೆ ಇದ್ದೆಯಲ್ಲ, ಅಷ್ಟು ಸಾಕು ಎಂದು ಹಿಸಾಯೊ ಮನಸ್ಸಿನಲ್ಲೇ ಅದಕ್ಕೆ ಹೇಳಿದಳು. ನಿಜಕ್ಕೂ ಸಾಕು ಅನ್ನಿಸಿತು.

ಮೇಲೆ ಬಂದು, ಪೊಲೀಸರನ್ನು ಹುಡುಕಿ ಸುತ್ತ ನೋಡಿದಳು. ಯಾರೂ ಇರಲಿಲ್ಲ.

"ಹಲಗೆ ಓದಿದೆಯಾ?" ಎಂದ ಯಸಾಬುರೊ.

ಕಂಬಕ್ಕೆ ಕಪ್ಪು ಹಲಗೆಯೊಂದು ತೂಗುತ್ತದೆ. ಸೂತಕ, ಕಾಯಿಲೆ, ದಂಡ, ಏನೇ ಕಾರಣವಿರಲಿ, ಆ ದಿನ ಕಡಲಿಗೆ ಇಳಿಯಬಾರದ ಬಂದರಿನವರ ಹೆಸರನ್ನು ಅದರ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆಯುತ್ತಾರೆ. ಹಿಸಾಯೊ ಅದನ್ನು ಎಂದೂ ಓದಿದವಳಲ್ಲ, ತನಗೆ ಸಂಬಂಧಪಟ್ಟದ್ದಲ್ಲವೆಂದು. ಇವತ್ತು ಓದಿದಳು. 'ದಂಡ: ಫುಸಾ.' ಅದರ ಕೆಳಗೆ ಇನ್ನೊಂದು ಸಾಲು. 'ದಂಡ: ಹಿಸಾಯೊ, ಕ್ಷೌರದಂಗಡಿ.'

ಅವಳು ಮತ್ತೊಮ್ಮೆ ಓದಿದಳು.

"ಇದು... ಯಸಾಬುರೊ-ಸಾನ್, ನಾನು ಯಾವತ್ತೂ ಇಳಿದವಳೇ ಅಲ್ಲ. ನನಗೆ ದೋಣಿನೇ ಇಲ್ಲ."

"ಇವತ್ತು ಇಳೀಬೇಡ ಅಂತ ಬರೆದಿದೆ. ದೋಣಿ ಇದೆಯಾ ಅಂತ ಯಾರೂ ಕೇಳಿಲ್ಲ."

"ಆದ್ರೆ ನೀವು ಪೊಲೀಸು ಅಂದ್ರಿ..."

"ಹೊರಗಿನವರಿಗೆ ಪೊಲೀಸು ಅಂದೆ." ಯಸಾಬುರೊ ಬಾವುಟದ ಹಗ್ಗ ಬಿಚ್ಚುತ್ತಾ, ಅವಳ ಕಡೆ ನೋಡದೆ ಹೇಳಿದ. "ಕೊಟ್ಟವಳು ಒಬ್ಬಳು, ಮುಚ್ಚಿಟ್ಟವಳು ಇನ್ನೊಬ್ಬಳು. ಫುಸಾದು ಸುಲಭ. ನಿನ್ನದೇ ಕಷ್ಟ. ಅದಕ್ಕೇ ಸಭೇಲಿ ಕೇಳಿದೆ. ಹಿಸಾಯೊ ಹೊರಗಿನವಳು ಅನ್ನೋರು ಕೈ ಎತ್ತಿ ಅಂದೆ. ಬಹಳ ಹೊತ್ತು ಕಾದೆ. ಒಂದು ಕೈಯೂ ಮೇಲೆ ಹೋಗಲಿಲ್ಲ. ಇನ್ನೇನು ಮಾಡೋಕಾಗುತ್ತೆ, ದಂಡ ಹಾಕಿದ್ವಿ."

ಹಿಸಾಯೊ ಕಂಬಕ್ಕೆ, ಹಲಗೆಗೆ, ಆಮೇಲೆ ದೋಣಿಗಳಿಗೆ, ಸೊಂಟ ಮುರಿಯುವಷ್ಟು ಬಾಗಿ ನಮಸ್ಕರಿಸಿದಳು. "ತುಂಬಾ ಉಪಕಾರವಾಯಿತು," ಎಂದಳು. ದೋಣಿಗಳಿಗೂ ಕೇಳಿಸಲೆಂದು ಮತ್ತೆ ಜೋರಾಗಿ ಹೇಳಿದಳು.

"ದಂಡ ಹಾಕಿದ್ದಕ್ಕೆ ಕೈ ಮುಗಿಯೋಳು ಇವಳೊಬ್ಬಳೇ ಕಣ್ರೋ!" ಎಂದು ದೋಣಿಯೊಂದರಿಂದ ಯಾರೋ ಕೂಗಿದರು. ನೀರಿನ ಮೇಲೆ ನಗೆ ಎದ್ದಿತು. ಅಷ್ಟರಲ್ಲಿ ಬಾವುಟ ಏರಿತು, ದೋಣಿಗಳು ಒಟ್ಟಿಗೆ ಹೊರಟವು.

ಫುಸಾ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. "ದಡದಿಂದ ಹೀಗೆ ಕಾಣುತ್ತಾ," ಎಂದಳು. "ಚೆನ್ನಾಗಿದೆ. ಎಲ್ಲರೂ ಒಂದೇ ಸಲ ಓಡಿಹೋಗೋ ಹಾಗೆ ಕಾಣುತ್ತೆ. ಬಾ, ಕೂತ್ಕೋ. ಇಬ್ಬರಿಗೂ ಇವತ್ತು ಕೆಲಸ ಇಲ್ಲ."

ಹಿಸಾಯೊ ಕೂರಲಿಲ್ಲ. ಯಸಾಬುರೊನ ಹಿಂದೆ ಹೋಗಿ, ಮಗು ಕೇಳುವ ಹಾಗೆ ಕೇಳಿದಳು.

"ಹಲಗೆ ಯಾವಾಗ ಒರೆಸ್ತೀರಿ?"

"ದೋಣಿ ವಾಪಸ್ ಬಂದ ಕೂಡಲೇ. ಯಾಕೆ, ನಾಚಿಕೆಯಾ?"

"ಇಲ್ಲ. ನನ್ನ ಹೆಸರು ಒರೆಸಬೇಡಿ. ಇನ್ನೊಂದು ದಿನ ಇರಲಿ."

ಯಸಾಬುರೊ ಹಲಗೆಯನ್ನೂ ಅವಳನ್ನೂ ನೋಡಿದ. ಅವನ ಹಲ್ಲನ್ನು ಅವಳು ಕಂಡದ್ದು ಅದೇ ಮೊದಲು.

"ಮಳೆ ಬರೋವರೆಗೂ ಇರಲಿ ಬಿಡು," ಎಂದ.

ಆ ವಾರ ಶಿರೊತೊಮಾರಿಯಲ್ಲಿ ಮಳೆ ಬರಲಿಲ್ಲ. ಹಿಸಾಯೊ ದಿನವೂ ಬೆಳಿಗ್ಗೆ ಹೋಗಿ ನೋಡಿ ಬಂದಳು.